ಸಿಸ್ಟಮ್‌ನಲ್ಲಿ 132, ರ‍್ಯಾಕ್‌ನಲ್ಲಿ ಸೊನ್ನೆ

"ಇವತ್ತೂ ಎಣ್ಣೆ ಬಂದಿಲ್ವೇನಪ್ಪಾ?"

ಆ ಅಜ್ಜಿ ಕೇಳಿದ್ದು ನನ್ನನ್ನಲ್ಲ, ಹೇರ್ ಆಯಿಲ್ ಸಾಲಿನ ಹುಡುಗನನ್ನು. ನಾನು ರಿಸೀವಿಂಗ್‌ನವನು, ಅಂದರೆ ಗಾಡಿಯಲ್ಲಿ ಬಂದ ಮಾಲನ್ನು ಇಳಿಸಿಕೊಳ್ಳುವವನು, ಫ್ಲೋರಿಗೆ ಬರುವುದೇ ಅಪರೂಪ. ಅವತ್ತು ಖಾಲಿ ಟ್ರಾಲಿ ಎಳೆದುಕೊಂಡು ಹೋಗಲು ಬಂದವನು ಅಲ್ಲೇ ನಿಂತೆ. ಹುಡುಗ ಸ್ಕ್ಯಾನರ್ ನೋಡಿ, "ಇದೆ ಅಂತ ತೋರಿಸ್ತಿದೆ ಅಜ್ಜಿ, ಒಳಗೆ ಹುಡುಕಿಸ್ತೀನಿ" ಅಂದ. "ಹೋದ ವಾರವೂ ಇದನ್ನೇ ಹೇಳಿದ್ಯಲ್ಲೋ" ಅಂತ ಗೊಣಗುತ್ತಾ ಅವರು ಹೊರಟರು. ಹುಡುಗನ ಭುಜದ ಮೇಲಿಂದ ಬಗ್ಗಿ ನೋಡಿದೆ. ಅರ್ಧ ಲೀಟರ್ ತೆಂಗಿನೆಣ್ಣೆ, ಸ್ಟಾಕ್ 132.

ನನಗೆ ಹೊಟ್ಟೆಯಲ್ಲಿ ಏನೋ ತಿರುವಿದಂತಾಯಿತು. 144ರಲ್ಲಿ 12 ಕಳೆದರೆ 132. ಆ ಎಣ್ಣೆ ಬರುವುದು ಕೇಸಿಗೆ 12 ಬಾಟಲಿಯಂತೆ. ಹತ್ತೊಂಬತ್ತು ದಿನ ಹಿಂದೆ ಅದರ ಇನ್‌ವರ್ಡ್ ಮಾಡಿದವನು, ಅಂದರೆ ಬಂದ ಮಾಲನ್ನು ಸಿಸ್ಟಮ್‌ಗೆ ಏರಿಸಿದವನು, ನಾನೇ.

ಇದು 2012ರ ಮಾತು, ಬೆಂಗಳೂರಿನ ಒಂದು ದೊಡ್ಡ ಮಳಿಗೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಇನ್ನೂ ಅದರ ಸಂಬಳವನ್ನೇ ಉಣ್ಣುತ್ತಿದ್ದೇನೆ. ದೊಡ್ಡ ರೀಟೇಲ್ ಕಂಪನಿಯಲ್ಲಿ ಯಾವ ಡಿಪಾರ್ಟ್‌ಮೆಂಟು ಏನು ಮಾಡುತ್ತದೆ ಅಂತ ಹೊಸಬರು ಕೇಳಿದಾಗಲೆಲ್ಲ ನಾನು ಆಫೀಸಿನ ಚಾರ್ಟು ತೋರಿಸುವುದಿಲ್ಲ, ಈ ಎಣ್ಣೆಯ ಕಥೆ ಹೇಳುತ್ತೇನೆ. ಚಾರ್ಟಿನಲ್ಲಿ ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದ ಹಾಗೆ ಗೆರೆ ಎಳೆದಿರುತ್ತಾರೆ.

ತಪ್ಪು ಹೇಗಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಬಾಟಲಿಯ ಮೇಲಿನ ಬಾರ್‌ಕೋಡಿಗೆ 13 ಅಂಕಿ, ನಮ್ಮ ದೇಶದ ಕಂಪನಿಗಳದ್ದಾದರೆ ಸಾಮಾನ್ಯವಾಗಿ 890ರಿಂದ ಶುರು. ಹೊರಗಿನ ರಟ್ಟಿನ ಡಬ್ಬದ ಮೇಲಿನದಕ್ಕೆ 14 ಅಂಕಿ. ಬಾಟಲಿ ಸ್ಕ್ಯಾನ್ ಮಾಡಿದರೆ ಸಿಸ್ಟಮ್ ಪೀಸ್ ಅಂತ ತಿಳಿಯುತ್ತದೆ, ಡಬ್ಬ ಸ್ಕ್ಯಾನ್ ಮಾಡಿದರೆ ಕೇಸ್ ಅಂತ. ಬಂದಿದ್ದು ಒಂದೇ ಕೇಸ್. ನಾನು ಡಬ್ಬ ಸ್ಕ್ಯಾನ್ ಮಾಡಿ, ಬಿಲ್‌ನಲ್ಲಿದ್ದ 12 ಅನ್ನುವ ಅಂಕಿಯನ್ನು ಒತ್ತಿದೆ. ಹನ್ನೆರಡು ಕೇಸ್, ಅಂದರೆ 144 ಬಾಟಲಿ. ಹೊರಗೆ ಮೂರು ಗಾಡಿ ಹಾರ್ನ್ ಹೊಡೆಯುತ್ತಿದ್ದವು, ಒಂದರಲ್ಲಿ ಹಾಲು ಮೊಸರು. ರಿಸೀವಿಂಗ್‌ನವನನ್ನು ಅಳೆಯುತ್ತಿದ್ದದ್ದು ಒಂದೇ ಲೆಕ್ಕದಲ್ಲಿ: ಗಾಡಿ ಬಂದು ಎಷ್ಟು ನಿಮಿಷದಲ್ಲಿ ಖಾಲಿಯಾಗಿ ಹೋಯಿತು. ಇಷ್ಟು ಮಾಲು ಬಂತು ಅನ್ನುವ ಜಿಆರ್‌ಎನ್ ಕಾಗದ ಪ್ರಿಂಟ್ ಆಯಿತು, ಸೀಲು ಹೊಡೆದೆ, ಮುಂದಿನ ಗಾಡಿ.

ಒಂದು ವಾರದೊಳಗೆ ಹನ್ನೆರಡು ಬಾಟಲಿ ಮಾರಾಟವಾದವು. ರ‍್ಯಾಕಿನಲ್ಲಿ ಜಾಗ ಖಾಲಿಯಾಯಿತು. ಇಲ್ಲಿ ಫ್ಲೋರಿನವರ ಪಾತ್ರ. ಅವರಿಗೆ ಮ್ಯಾನೇಜರ್ ದಿನಾ ಬೆಳಿಗ್ಗೆ ಹೇಳುವುದು "ರ‍್ಯಾಕ್‌ನಲ್ಲಿ ತೂತು ಕಾಣಬಾರದು" ಅಂತ. ಹುಡುಗ ಜಾಣ. ಪಕ್ಕದ ಬಾದಾಮಿ ಎಣ್ಣೆಯನ್ನು ಎರಡು ಸಾಲು ಅಗಲ ಮಾಡಿ ಜಾಗ ಮುಚ್ಚಿದ. ಮ್ಯಾನೇಜರ್ ರೌಂಡ್ಸ್ ಬಂದಾಗ ಎಲ್ಲ ತುಂಬಿ ತುಳುಕುತ್ತಿತ್ತು. ಇಲ್ಲದ ಮಾಲು ಇಲ್ಲ ಅಂತ ಗೊತ್ತಾಗಬೇಕಿದ್ದ ಒಂದೇ ಗುರುತು ಹಾಗೆ ಮುಚ್ಚಿಹೋಯಿತು.

ಮುಗಿದ ಮಾಲನ್ನು ಮತ್ತೆ ತರಿಸುವ ರಿಪ್ಲೆನಿಶ್‌ಮೆಂಟ್‌ನವರು ಕೂತಿರುವುದು ಹೆಡ್ ಆಫೀಸಿನಲ್ಲಿ. ಸ್ಟಾಕ್ ಇಂತಿಷ್ಟಕ್ಕಿಂತ ಕೆಳಗಿಳಿದರೆ ಆರ್ಡರ್ ತಾನಾಗಿಯೇ ಹುಟ್ಟುತ್ತದೆ. 132 ಇರುವಾಗ ಹುಟ್ಟುವುದೆಲ್ಲಿಂದ? ಅವರ ಲೆಕ್ಕಕ್ಕೆ ನಮ್ಮಲ್ಲಿ ಎಣ್ಣೆ ತಿಂಗಳುಗಟ್ಟಲೆಗೆ ಸಾಕಿತ್ತು. ಇಂಥದ್ದನ್ನು ಆಫೀಸಿನವರು ಫ್ಯಾಂಟಮ್ ಸ್ಟಾಕ್ ಅನ್ನುತ್ತಾರೆ, ನಾವು ದೆವ್ವದ ಸ್ಟಾಕ್ ಅನ್ನುತ್ತಿದ್ದೆವು. ಮಾಲು ಇರುವುದಿಲ್ಲ, ಆದರೆ ಕಾಡುತ್ತದೆ.

ಕೆಟಗರಿಯವರು, ಅಂದರೆ ಯಾವ ಮಾಲು ಇಡಬೇಕು, ಯಾವ ಬೆಲೆಗೆ, ಎಷ್ಟು ಮಾರ್ಜಿನ್‌ಗೆ ಅಂತ ತೀರ್ಮಾನ ಮಾಡುವ ಬಯಿಂಗ್ ತಂಡ, ನೋಡಿದ್ದು ಇನ್ನೊಂದು ಕಾಗದ. 132 ಸ್ಟಾಕ್ ಇದ್ದೂ ಹತ್ತು ದಿನದಿಂದ ಸೇಲ್ ಸೊನ್ನೆ. ಸ್ಲೋ ಮೂವಿಂಗ್ ಅಂತ ಅದರ ಮುಂದೆ ಹಳದಿ ಬಣ್ಣ ಬಿದ್ದಿತ್ತು. ಇನ್ನೊಂದು ತಿಂಗಳು ಕಳೆದಿದ್ದರೆ ನಮ್ಮ ಮಳಿಗೆಯಿಂದ ಆ ಎಣ್ಣೆಯನ್ನೇ ತೆಗೆದುಹಾಕುತ್ತಿದ್ದರು. ಅಜ್ಜಿ ಮೂರು ಸಲ ಬಂದು ಕೇಳಿ ಹೋದದ್ದು ಯಾವ ರಿಪೋರ್ಟಿನಲ್ಲೂ ಇರಲಿಲ್ಲ. ಕೊಂಡದ್ದಕ್ಕೆ ಬಿಲ್ ಇರುತ್ತದೆ, ಕೇಳಿ ವಾಪಸ್ ಹೋದದ್ದಕ್ಕೆ ಎಲ್ಲಿದೆ?

ಇಷ್ಟೆಲ್ಲ ನಡೆಯುವಾಗ ನಿಜ ಗೊತ್ತಿದ್ದದ್ದು ಒಂದೇ ಕಡೆ, ಫೈನಾನ್ಸ್‌ನಲ್ಲಿ. ಅವರು ಸಪ್ಲೈಯರ್‌ಗೆ ದುಡ್ಡು ಕೊಡುವ ಮೊದಲು ಮೂರು ಕಾಗದ ಹೊಂದಿಸುತ್ತಾರೆ: ನಾವು ಕೊಟ್ಟ ಆರ್ಡರ್, ನಾವು ಮಾಡಿದ ಜಿಆರ್‌ಎನ್, ಅವರು ಕಳಿಸಿದ ಬಿಲ್. ಆರ್ಡರ್ 12, ಬಿಲ್ 12, ಜಿಆರ್‌ಎನ್ 144. ನಾಲ್ಕನೇ ದಿನವೇ ಪೇಮೆಂಟ್ ಹೋಲ್ಡ್ ಆಗಿತ್ತು. ಆದರೆ ಫೈನಾನ್ಸ್‌ಗೆ ಮುಖ್ಯವಾದದ್ದು ತಪ್ಪು ದುಡ್ಡು ಹೊರಗೆ ಹೋಗಬಾರದು ಅನ್ನುವುದು. ದುಡ್ಡು ಹೋಗಲಿಲ್ಲ, ಅವರ ಕೆಲಸ ಮುಗಿಯಿತು. ಆ ಹೋಲ್ಡ್ ಲಿಸ್ಟ್ ಮಳಿಗೆಗೆ ಬರುತ್ತಲೇ ಇರಲಿಲ್ಲ. ಯಾಕೆ ಅಂತ ಕೇಳಿದಾಗ ಒಬ್ಬರು ನಿಜವಾಗಿಯೂ ಆಶ್ಚರ್ಯಪಟ್ಟು, "ನಿಮಗೆ ಅದರಿಂದ ಏನು ಉಪಯೋಗ?" ಅಂದರು.

ನಾನು ಅವತ್ತೇ ಮ್ಯಾನೇಜರ್ ಹತ್ತಿರ ಹೋಗಿ ತಪ್ಪು ನನ್ನದು ಅಂತ ಹೇಳಿದೆ ಅಂತ ಬರೆಯಬೇಕು ಅನ್ನಿಸುತ್ತದೆ. ಹಾಗಾಗಲಿಲ್ಲ. ಎರಡು ದಿನ ಸುಮ್ಮನಿದ್ದೆ. ಅಷ್ಟರಲ್ಲಿ ಆ ಹುಡುಗ ಒಳಗೆಲ್ಲ ಹುಡುಕಿ, ಸಿಗಲಿಲ್ಲ ಅಂತ ಸೂಪರ್‌ವೈಸರ್‌ಗೆ ಹೇಳಿದ್ದ. ಸೂಪರ್‌ವೈಸರ್ ಲಾಸ್ ಪ್ರಿವೆನ್ಷನ್‌ಗೆ, ನಮ್ಮ ಬಾಯಲ್ಲಿ ಎಲ್‌ಪಿಗೆ, ತಿಳಿಸಿದ್ದರು. ಸ್ಟಾಕ್ ಕಡಿಮೆ ಬಿದ್ದರೆ ಎಲ್‌ಪಿಯವರಿಗೆ ಮೊದಲು ಹೊಳೆಯುವುದು ಕಳ್ಳತನ. 132 ಬಾಟಲಿ ಯಾರ ಅಂಗಿಯೊಳಗೂ ಹೋಗುವುದಿಲ್ಲ, ಹಾಗಾದರೆ ಹಿಂದಿನ ಬಾಗಿಲಿಂದಲೇ ಹೋಗಿರಬೇಕು ಅಂತ ಅವರ ತರ್ಕ. ಸಂಜೆ ಲೋಡಿಂಗ್ ಮಾಡುವ ಗುತ್ತಿಗೆಯ ಅಣ್ಣನ ಚೀಲವನ್ನು ಗೇಟಿನಲ್ಲಿ ಎಲ್ಲರ ಮುಂದೆ ಸುರಿಸಿದರು. ಟಿಫನ್ ಡಬ್ಬಿ, ಮಡಚಿದ ಲುಂಗಿ, ಮಗಳಿಗೆ ಅಂತ ತಗೊಂಡಿದ್ದ ಐದು ರೂಪಾಯಿಯ ಸ್ಕೆಚ್ ಪೆನ್. ಅವರು ಒಂದು ಮಾತೂ ಆಡದೆ ಒಂದೊಂದಾಗಿ ಎತ್ತಿ ಒಳಗೆ ಹಾಕಿಕೊಂಡರು. ಮಾರನೆ ದಿನ ಬೆಳಿಗ್ಗೆ ನಾನು ಜಿಆರ್‌ಎನ್ ಕಾಪಿ ಹಿಡಿದು ಮ್ಯಾನೇಜರ್ ಕ್ಯಾಬಿನ್‌ಗೆ ಹೋದೆ. ನನಗೆ ವಾರ್ನಿಂಗ್ ಲೆಟರ್ ಸಿಕ್ಕಿತು. ಆ ಅಣ್ಣನಿಗೆ ಯಾರೂ ಏನೂ ಹೇಳಲಿಲ್ಲ, ಗುತ್ತಿಗೆಯವರು ಹೆಚ್‌ಆರ್‌ ಲೆಕ್ಕದಲ್ಲಿ ನಮ್ಮವರೇ ಅಲ್ಲವಂತೆ. ನಾನೇ ಹೋಗಿ ಕ್ಷಮೆ ಕೇಳಿದೆ. "ಬಿಡಿ ಸಾರ್, ಗಾಡಿ ಬಂತು" ಅಂದರು.

ಮುಂದಿನ ವರ್ಷ ನನ್ನನ್ನು ರಿಪ್ಲೆನಿಶ್‌ಮೆಂಟ್‌ಗೇ ಹಾಕಿದರು. ಶಿಕ್ಷೆಯೋ ಬಡ್ತಿಯೋ ಇವತ್ತಿಗೂ ಗೊತ್ತಿಲ್ಲ. ಆ ಕುರ್ಚಿಯಲ್ಲಿ ಕೂತ ಮೇಲೆ ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಒಬ್ಬನಿಗೆ ಇಪ್ಪತ್ತು ಮಳಿಗೆ, ಒಂದೊಂದರಲ್ಲಿ ಆರು ಸಾವಿರ ಐಟಂ ಅಂದರೆ 1,20,000 ಸಾಲು. ಯಾವ ಮನುಷ್ಯ ಅಷ್ಟನ್ನು ಓದುತ್ತಾನೆ? ಸಿಸ್ಟಮ್ ಕೆಂಪು ತೋರಿಸಿದ್ದನ್ನಷ್ಟೇ ನೋಡುತ್ತಾನೆ. ದೆವ್ವದ ಸ್ಟಾಕ್ ಯಾವಾಗಲೂ ಹಸಿರು. ನಾನು ಅಲ್ಲಿ ಮಾಡಿದ ಒಂದೇ ದೊಡ್ಡ ಕೆಲಸ ಅಂದರೆ, ದಿನಾ ಮಾರಾಟವಾಗುತ್ತಿದ್ದ ಐಟಂ ಸ್ಟಾಕ್ ಇದ್ದೂ ಐದು ದಿನ ಸೊನ್ನೆಯಾದರೆ ಮಳಿಗೆಗೆ ಫೋನ್ ಮಾಡಿ "ಕೈಯಲ್ಲಿ ಮುಟ್ಟಿ ಎಣಿಸಿ" ಅನ್ನುತ್ತಿದ್ದದ್ದು. ಮೊದಮೊದಲು ಬೈದರು. ಆಮೇಲೆ ಅವರೇ ಲಿಸ್ಟ್ ಕೇಳಲು ಶುರುಮಾಡಿದರು.

2019ರಿಂದ ಮೈಸೂರಿನಲ್ಲಿ ಸ್ಟೋರ್ ಮ್ಯಾನೇಜರ್ ಆಗಿದ್ದೇನೆ. ಈಗ ನನ್ನ ಜಗಳ ಹೆಚ್ಚಾಗಿ ಬಯಿಂಗ್ ಜೊತೆ. ಒಂದು ಉದಾಹರಣೆ ಸಾಕು. ವರಮಹಾಲಕ್ಷ್ಮಿ ಹಬ್ಬ ಬರುವುದು ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ, ರಾಖಿ ಬರುವುದು ಹುಣ್ಣಿಮೆಗೆ. 2024ರಲ್ಲಿ ಆಗಸ್ಟ್ 15 ಗುರುವಾರ, 16ಕ್ಕೆ ವರಮಹಾಲಕ್ಷ್ಮಿ, 19ಕ್ಕೆ ರಾಖಿ. ಹೆಡ್ ಆಫೀಸ್ ಇರುವುದು ಬೇರೆ ರಾಜ್ಯದಲ್ಲಿ. ಅವರ ಪ್ಲಾನಿನಲ್ಲಿ ಸ್ವಾತಂತ್ರ್ಯೋತ್ಸವದ ಆಫರ್ ಇತ್ತು, ರಾಖಿ ಚಾಕೊಲೇಟ್ ಇತ್ತು, ನಮ್ಮ ಹಬ್ಬ ಇರಲಿಲ್ಲ. ಬಾಗಿಲ ಎದುರಿನ ಎಂಡ್‌ಕ್ಯಾಪ್, ಅಂದರೆ ಸಾಲಿನ ತುದಿಯ ರ‍್ಯಾಕು, ಚಾಕೊಲೇಟ್ ಕಂಪನಿಗೆ ಹೋಗಿತ್ತು. ಅಂಥ ಜಾಗಕ್ಕೆ ಕಂಪನಿಗಳು ದುಡ್ಡು ಕೊಡುತ್ತವೆ, ಆ ದುಡ್ಡು ಕೆಟಗರಿಯವರ ಲಾಭಕ್ಕೆ ಸೇರುತ್ತದೆ. ನಾನು ಅದನ್ನು ತೆಗೆಯುವ ಹಾಗಿಲ್ಲ.

ತಮಾಷೆ ಏನೆಂದರೆ ಕೆಟಗರಿಯವರಿಗೆ ಹೇಳಿದರೆ ಯಾರೂ "ಆಗಲ್ಲ" ಅನ್ನುವುದಿಲ್ಲ. ತೆಂಗಿನಕಾಯಿ ಹಣ್ಣು ತರಕಾರಿಯವರದ್ದು, ಕಡಲೆಬೇಳೆ ಬೆಲ್ಲ ದಿನಸಿಯವರದ್ದು, ಬ್ಲೌಸ್ ಪೀಸ್ ಬಟ್ಟೆಯವರದ್ದು, ಕಳಶದ ಚೊಂಬು ಪಾತ್ರೆಯವರದ್ದು. ನಾಲ್ಕು ಜನ ಬೈಯರ್, ನಾಲ್ಕು ಟಾರ್ಗೆಟ್. ಹಬ್ಬ ಅನ್ನುವುದು ಯಾರ ಕೆಟಗರಿಯೂ ಅಲ್ಲ. ನಾಲ್ವರಿಗೂ ಬೇರೆ ಬೇರೆ ಮೇಲ್ ಹಾಕಿದೆ. ಬಟ್ಟೆಯ ಮೇಡಂ ಮಾತ್ರ ತಕ್ಷಣ ಫೋನ್ ಮಾಡಿದರು, ಅವರ ಅತ್ತೆ ಮನೆ ಹಾಸನವಂತೆ. ತೆಂಗಿನಕಾಯಿಯನ್ನು ಇಲ್ಲೇ ತಗೊಳ್ಳೋಣ ಅಂದರೆ ಮಾರುವವರನ್ನು ಸಿಸ್ಟಮ್‌ಗೆ ಸೇರಿಸಲು ಹೊಸ ವೆಂಡರ್ ಕೋಡ್ ಆಗಬೇಕು. ಪ್ಯಾನ್, ಬ್ಯಾಂಕ್ ವಿವರ, ಆಹಾರ ಮಾರುವವರ ಎಫ್‌ಎಸ್‌ಎಸ್‌ಎಐ ನೋಂದಣಿ ಅಂತೆಲ್ಲ ಮುಗಿಯುವ ಹೊತ್ತಿಗೆ ಗೌರಿ ಹಬ್ಬವೇ ಬಂದಿರುತ್ತದೆ. ಕೊನೆಗೆ ಈಗಾಗಲೇ ನಮಗೆ ಎಳನೀರು ಕೊಡುತ್ತಿದ್ದವರ ಕೋಡಿನಲ್ಲೇ ಕಾಯಿ ತರಿಸಿದೆ. ಬುಧವಾರ ರಾತ್ರಿ ಬಂದ ಕಾಯಿ ಗುರುವಾರ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ರಾಖಿ ಚಾಕೊಲೇಟ್ ಅರ್ಧಕ್ಕರ್ಧ ಉಳಿದು ಒಂದಕ್ಕೊಂದು ಫ್ರೀ ಆಯಿತು. ಈ ವಿಷಯವನ್ನು ನಾನು ರಿವ್ಯೂ ಮೀಟಿಂಗ್‌ನಲ್ಲಿ ಎರಡು ಸಲ ಹೇಳಿದೆ, ಬೇಕಂತಲೇ.

ಎಲ್ಲ ಡಿಪಾರ್ಟ್‌ಮೆಂಟೂ ಒಂದೇ ಕಡೆ ಎಳೆದದ್ದನ್ನು ನೋಡಿದ್ದು 2025ರ ಸೆಪ್ಟೆಂಬರ್ 21ರ ರಾತ್ರಿ. ಮಾರನೆ ದಿನದಿಂದ ಹೊಸ ಜಿಎಸ್‌ಟಿ ದರ. ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆ ಎಣ್ಣೆ 18ರಿಂದ 5ಕ್ಕೆ, ತುಪ್ಪ ಬೆಣ್ಣೆ 12ರಿಂದ 5ಕ್ಕೆ. ತೆರಿಗೆ ಸೇರಿ 118 ರೂಪಾಯಿ ಇದ್ದದ್ದು 105 ಆಗಬೇಕು, ರ‍್ಯಾಕಿನಲ್ಲಿರುವುದು ಮಾತ್ರ ಹಳೆ ಎಂಆರ್‌ಪಿ ಮುದ್ರಿಸಿದ ಮಾಲೇ. ಫೈನಾನ್ಸ್‌ನವರು ತೆರಿಗೆಗಾಗಿ ಮಾಲನ್ನು ವಿಂಗಡಿಸುವ ಎಚ್‌ಎಸ್‌ಎನ್ ಕೋಡ್ ಪ್ರಕಾರ ತೆರಿಗೆ ಬದಲಿಸಬೇಕು, ಕೆಟಗರಿಯವರು ಕಂಪನಿಗಳಿಂದ ಹೊಸ ಬೆಲೆ ತರಿಸಬೇಕು, ಐಟಿಯವರು ಅದನ್ನು ಮಧ್ಯರಾತ್ರಿ ಎಲ್ಲ ಬಿಲ್ಲಿಂಗ್ ಯಂತ್ರಕ್ಕೂ ಇಳಿಸಬೇಕು, ನಾವು ಬೆಳಗಾಗುವುದರೊಳಗೆ ರ‍್ಯಾಕಿನ ಚೀಟಿ ಬದಲಿಸಬೇಕು. ಅದೂ ಮೈಸೂರಿನಲ್ಲಿ ದಸರಾ ಉದ್ಘಾಟನೆಯ ದಿನ. ಹತ್ತು ಜನ ಹೆಚ್ಚು ಬೇಕು ಅಂತ ಹೆಚ್‌ಆರ್‌ಗೆ ಕೇಳಿದ್ದೆ, ನಾಲ್ಕು ಜನ ಬಂದರು, ಅದು ಎಂದಿನ ಲೆಕ್ಕ.

ರಾತ್ರಿ ಎರಡಕ್ಕೆ ಒಂದು ಬ್ರ್ಯಾಂಡಿನ ಶಾಂಪೂ ಮಾತ್ರ ಹಳೆ ರೇಟಿನಲ್ಲೇ ಬಿಲ್ ಆಗುತ್ತಿತ್ತು. ಅದೇ ಗ್ರೂಪ್ ಕಾಲ್‌ನಲ್ಲಿ ಫೈನಾನ್ಸ್, ಐಟಿ, ಕೆಟಗರಿ ಮೂವರೂ ಇದ್ದರು. "ನಮ್ಮ ಕಡೆ ಸರಿ ಇದೆ" ಅಂತ ಯಾರೂ ಅನ್ನಲಿಲ್ಲ, ಹದಿಮೂರು ವರ್ಷದಲ್ಲಿ ಮೊದಲ ಸಲ. ಹತ್ತೇ ನಿಮಿಷದಲ್ಲಿ ಸರಿಯಾಯಿತು. ಮೂರೂವರೆಗೆ ನನ್ನ ಹುಡುಗರಿಗೆ ಚಹಾ ತರಿಸಿದೆ. ಚೀಟಿ ಅಂಟಿಸಿ ಅಂಟಿಸಿ ಅವರ ಬೆರಳ ತುದಿ ಗೋಂದಿನಿಂದ ಬೆಳ್ಳಗಾಗಿತ್ತು, ಲೋಟ ಬಿಟ್ಟರೂ ಅಂಟಿಕೊಳ್ಳುತ್ತಿತ್ತು.

ಬೆಳಿಗ್ಗೆ ಒಬ್ಬರು ಯಜಮಾನರು ಸೋಪಿನ ಪ್ಯಾಕು, ಬಿಲ್ಲು ಎರಡನ್ನೂ ಹಿಡಿದು ಬಂದರು. "ಇದರ ಮೇಲೊಂದು ರೇಟು, ಇದರಲ್ಲೊಂದು ರೇಟು. ಯಾವುದಪ್ಪಾ ನಿಜ?"

"ಬಿಲ್ಲಿನದ್ದೇ ನಿಜ ಸಾರ್, ಕಡಿಮೆ ಆಗಿದೆ."

"ಹಂಗಂತ ಎಲ್ಲಾದರೂ ಬರೆದು ಹಾಕಬಾರದಾ?"

ಬರೆದು ಹಾಕುವ ಪೋಸ್ಟರ್ ಮಾರ್ಕೆಟಿಂಗ್‌ನವರದ್ದು. ಅದು ಗುರುವಾರ ಬಂತು, ಚೆನ್ನಾಗಿತ್ತು, ದೊಡ್ಡದೂ ಇತ್ತು. ಎಲ್ಲಿ ಅಂಟಿಸಬೇಕು ಅಂತ ಮಾತ್ರ ಮಳಿಗೆಯ ನಕ್ಷೆಯಾದ ಪ್ಲಾನೋಗ್ರಾಂನಲ್ಲಿ ಜಾಗ ತೋರಿಸಿರಲಿಲ್ಲ.