ಗರಿಯಿದ್ದ ಡೈನೋಸಾರಿನ ಕಲ್ಲನ್ನು ಓದುವ ಬಗೆ

ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದಲ್ಲಿ ದೊರೆತ ಪುಟ್ಟ ಡೈನೋಸಾರಿನ ಚಪ್ಪಡಿಯೊಂದು ವಸ್ತುಸಂಗ್ರಹಾಲಯದಲ್ಲೋ ಒಳ್ಳೆಯ ಛಾಯಾಚಿತ್ರದಲ್ಲೋ ಎದುರಾದಾಗ ಎಲ್ಲರ ಕಣ್ಣೂ ಮೊದಲು ಗರಿಯ ಮೇಲೆಯೇ ಬೀಳುತ್ತದೆ. ಗರಿಯನ್ನು ಕೊನೆಗೆ ಉಳಿಸಿಕೊಂಡು ಮೊದಲು ಕಲ್ಲನ್ನೂ ಆಮೇಲೆ ಎಲುಬನ್ನೂ ನೋಡಿದರೆ ಮೋಸಹೋಗುವುದು ಕಡಿಮೆ.

ಕೆರೆಯ ತಳದ ನುಣ್ಣನೆಯ ಕೆಸರು ಮತ್ತು ಜ್ವಾಲಾಮುಖಿಯ ಬೂದಿ ಪದರ ಪದರವಾಗಿ ಗಟ್ಟಿಯಾದ ಕಲ್ಲು ಇದು. ಉಳಿಯೇಟಿಗೆ ಪದರದ ಗುಂಟ ಸೀಳಿದಾಗ ಒಂದೇ ಪ್ರಾಣಿ ಎರಡು ಹೋಳುಗಳಲ್ಲಿ, ಒಂದು ಇನ್ನೊಂದರ ಕನ್ನಡಿಬಿಂಬದಂತೆ, ಹಂಚಿಹೋಗುತ್ತದೆ. 1996ರಲ್ಲಿ ಬೆಳಕಿಗೆ ಬಂದ ಪುಟ್ಟ ಡೈನೋಸಾರ್ ಸೈನೋಸಾರಾಪ್ಟೆರಿಕ್ಸ್‌ನ ಮೊದಲ ಮಾದರಿಯ ಒಂದು ಹೋಳು ಬೀಜಿಂಗ್‌ಗೂ ಇನ್ನೊಂದು ನಾನ್‌ಜಿಂಗ್‌ಗೂ ಸೇರಿದ್ದು ಹೀಗೆ. ಆದ್ದರಿಂದ ನಿಮ್ಮೆದುರಿನದು ಯಾವ ಹೋಳು, ಅದರ ಜೋಡಿ ಎಲ್ಲಿದೆ ಎಂದು ಮೊದಲು ಕೇಳಿ.

ಬಳಿಕ ಬಿರುಕುಗಳನ್ನು ಒಂದೊಂದಾಗಿ ಹಿಂಬಾಲಿಸಿ. ಬಿರುಕಿನ ಈಚೆ ಮುಗಿದ ಎಲುಬು ಆಚೆ ಅದೇ ದಪ್ಪದಲ್ಲಿ, ಅದೇ ದಿಕ್ಕಿನಲ್ಲಿ ಮುಂದುವರಿಯಬೇಕು. 1999ರಲ್ಲಿ ಡೈನೋಸಾರಿಗೂ ಹಕ್ಕಿಗೂ ನಡುವಿನ ಕೊಂಡಿಯಾಗಿ 'ಆರ್ಕಿಯೋರಾಪ್ಟರ್' ಎಂದು ಸುದ್ದಿಯಾದ ಚಪ್ಪಡಿ ಸೋತದ್ದು ಇಲ್ಲಿಯೇ. ಅದರ ಮುಂಭಾಗ ಯಾನಾರ್ನಿಸ್ ಎಂಬ ಪ್ರಾಚೀನ ಹಕ್ಕಿಯದು, ಬಾಲ ಮೈಕ್ರೋರಾಪ್ಟರ್ ಎಂಬ ಡೈನೋಸಾರಿನದು. ಎಡ ಮತ್ತು ಬಲ ಪಾದಗಳೆಂದು ತೋರುತ್ತಿದ್ದವು ಒಂದೇ ಪಾದದ ಎರಡು ಹೋಳುಗಳು. ಬಾಲದ ಜೋಡಿ ಹೋಳನ್ನು ಪಳೆಯುಳಿಕೆ ತಜ್ಞ ಶೂ ಶಿಂಗ್ ಚೀನಾದಲ್ಲಿ ಪತ್ತೆಹಚ್ಚಿದರು, ಸಿ.ಟಿ. ಸ್ಕ್ಯಾನ್ ಅಂಟಿಸಿದ ತುಂಡುಗಳನ್ನು ಬಯಲುಮಾಡಿತು. ಎರಡು ಪಾದಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡರೆ ಅದು ಮೆಚ್ಚುವ ಸಂಗತಿಯಲ್ಲ, ಅನುಮಾನಿಸಬೇಕಾದ ಸಂಗತಿ.

ಎಲುಬಿನಲ್ಲಿ ಬಾಲದಿಂದ ಆರಂಭಿಸುವುದು ಸುಲಭ. ಸೈನೋಸಾರಾಪ್ಟೆರಿಕ್ಸ್‌ಗೆ ಅರವತ್ತಕ್ಕೂ ಹೆಚ್ಚು ಬಾಲದ ಮಣಿಗಳು, ಪ್ರಾಚೀನ ಹಕ್ಕಿಯೆಂದು ಹೆಸರಾದ ಆರ್ಕಿಯೋಪ್ಟೆರಿಕ್ಸ್‌ಗೆ ಇಪ್ಪತ್ತರ ಆಸುಪಾಸು. ಇಂದಿನ ಹಕ್ಕಿಗಳಲ್ಲಿ ತುದಿಯ ಮಣಿಗಳು ಬೆಸೆದು ಗಿಡ್ಡ ತುಂಡಾಗಿವೆ. ಮುಂಗೈಯಲ್ಲಿ ಉಗುರುಳ್ಳ ಮೂರು ಬೆರಳುಗಳನ್ನೂ ಮಣಿಕಟ್ಟಿನಲ್ಲಿ ಅರ್ಧಚಂದ್ರಾಕಾರದ ಸಣ್ಣ ಎಲುಬನ್ನೂ ಹುಡುಕಿ. ಕೈಯನ್ನು ರೆಕ್ಕೆಯಂತೆ ಪಕ್ಕಕ್ಕೆ ಮಡಿಸಲು ನೆರವಾದದ್ದು ಅದೇ. ಎದೆಯ ಕವಲೆಲುಬನ್ನೂ ನೋಡಿ; ಕೋಳಿಯೂಟ ಮಾಡುವವರಿಗೆ ಅದನ್ನು ಪರಿಚಯಿಸಬೇಕಿಲ್ಲ. ಕಾಲಿನ ಎರಡನೆಯ ಬೆರಳಿನಲ್ಲಿ ಕುಡುಗೋಲಿನಂತಹ ದೊಡ್ಡ ಉಗುರು ಕಂಡರೆ ಅದು ಬಹುಪಾಲು ವೆಲೋಸಿರಾಪ್ಟರ್ ಅಥವಾ ಟ್ರೂಡಾನ್‌ಗಳ ಬಳಗದ್ದು.

ಜರ್ಮನಿಯಲ್ಲಿ 1951ರಲ್ಲಿ ಸಿಕ್ಕ ಆರ್ಕಿಯೋಪ್ಟೆರಿಕ್ಸ್ ಮಾದರಿಯೊಂದರಲ್ಲಿ ಗರಿಯ ಗುರುತು ಮಸುಕಾಗಿತ್ತು. ಅದನ್ನು ಸುಮಾರು ಎರಡು ದಶಕ ಕಾಲ ಕಾಂಪ್ಸೋಗ್ನಾಥಸ್ ಎಂಬ ಸಣ್ಣ ಡೈನೋಸಾರ್ ಎಂದೇ ತಿಳಿಯಲಾಗಿತ್ತು. ಗರಿ ಕಾಣದಿದ್ದ ಮಾತ್ರಕ್ಕೆ ಗರಿಯೇ ಇರಲಿಲ್ಲವೆಂದು ಬರೆಯಬಾರದು. ಮಂಗೋಲಿಯಾದ ವೆಲೋಸಿರಾಪ್ಟರ್ ಒಂದರಲ್ಲಿ ಗರಿಯ ಅಚ್ಚು ಉಳಿದಿರಲಿಲ್ಲ; ಆದರೆ ಗರಿಗಳ ಬುಡ ನಾಟಿಕೊಂಡಿದ್ದ ಗುಬುಟುಗಳನ್ನು 2007ರಲ್ಲಿ ಅದರ ಮುಂಗೈ ಎಲುಬಿನ ಮೇಲೆ ಗುರುತಿಸಲಾಯಿತು.

ಈಗ ಗರಿಗೆ ಬನ್ನಿ. ಸೈನೋಸಾರಾಪ್ಟೆರಿಕ್ಸ್‌ನದು ಬರಿಯ ಎಳೆಗಳ ಹೊದಿಕೆ. ನಡುವೆ ದಂಟಿದ್ದು ಎರಡೂ ಬದಿಗೆ ಎಳೆಗಳು ಹರಡಿದ್ದರೆ ಅದು ನಿಜವಾದ ಪುಕ್ಕ; ಒಂದು ಬದಿ ಕಿರಿದು, ಇನ್ನೊಂದು ಅಗಲವಾಗಿದ್ದರೆ ಗಾಳಿಯಲ್ಲಿ ತೇಲುವುದಕ್ಕೋ ಹಾರುವುದಕ್ಕೋ ಒದಗುವ ಬಗೆ. ಅವು ಎಲ್ಲಿಂದ ಹೊರಟಿವೆ ಎಂಬುದನ್ನೂ ಗಮನಿಸಿ: 2003ರಲ್ಲಿ ವರ್ಣಿಸಲಾದ ಮಾದರಿಗಳಿಂದ ತಿಳಿದಂತೆ ಮೈಕ್ರೋರಾಪ್ಟರ್‌ನಲ್ಲಿ ಕಾಲಿಗೂ ಉದ್ದನೆಯ ಪುಕ್ಕಗಳಿದ್ದು, ನಾಲ್ಕು ರೆಕ್ಕೆಯ ಪ್ರಾಣಿಯಂತೆ ಕಾಣುತ್ತದೆ. ಕಲ್ಲಿನ ಮೇಲಿನ ಕಪ್ಪು ಛಾಯೆಯನ್ನು ಪ್ರಾಣಿಯ ಬಣ್ಣವೆಂದು ತಿಳಿಯಬೇಡಿ. ಬಣ್ಣದ ಸುಳಿವು ಇರುವುದು ವರ್ಣಕಣಗಳ ಆಕಾರದಲ್ಲಿ, ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಸೈನೋಸಾರಾಪ್ಟೆರಿಕ್ಸ್‌ನ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವೆಂದು 2010ರಲ್ಲಿ ತಿಳಿದದ್ದು ಹಾಗೆ.

ಹೆಸರಿನ ಪಕ್ಕದಲ್ಲಿ ಶಿಲಾಸ್ತರವನ್ನು ಬರೆಯದಿದ್ದರೆ ಟಿಪ್ಪಣಿ ಅರ್ಧಮರ್ಧ. ಸೈನೋಸಾರಾಪ್ಟೆರಿಕ್ಸ್ ಸಿಕ್ಕ ಈಶಿಯನ್ ಸ್ತರ ಸುಮಾರು 12.5 ಕೋಟಿ ವರ್ಷ ಹಳೆಯದು. ಆಂಕಿಯಾರ್ನಿಸ್ ಎಂಬ ಗರಿಯ ಡೈನೋಸಾರ್ ಸಿಕ್ಕ ತಿಯಾವ್‌ಜಿಶಾನ್ ಸ್ತರ ಸುಮಾರು 16 ಕೋಟಿ ವರ್ಷದ್ದು, ಅಂದರೆ ಆರ್ಕಿಯೋಪ್ಟೆರಿಕ್ಸ್‌ಗಿಂತಲೂ ಹಿಂದಿನದು. ಇದನ್ನು ಮರೆತು ಸೈನೋಸಾರಾಪ್ಟೆರಿಕ್ಸ್‌ ಅನ್ನು ಹಕ್ಕಿಗಳ ಪೂರ್ವಜ ಎಂದು ಬರೆದರೆ ತಡವಾಗಿ ಹುಟ್ಟಿದ ದಾಯಾದಿಯನ್ನು ಅಜ್ಜನೆಂದು ಕರೆದಂತಾಗುತ್ತದೆ.

ಕಡೆಗೆ ಒಂದು ರೇಖಾಚಿತ್ರ ಬರೆಯಿರಿ. ಉಳಿದಿರುವ ಎಲುಬಿಗೆ ಗಟ್ಟಿ ಗೆರೆ, ಅಚ್ಚು ಮಾತ್ರ ಉಳಿದ ಕಡೆ ಚುಕ್ಕಿ ಗೆರೆ ಹಾಕಿ, ಗಾರೆ ತುಂಬಿ ಸರಿಪಡಿಸಿದ ಜಾಗವನ್ನು ಖಾಲಿ ಬಿಡಿ.