ಇಬ್ಬರೇ, ಬೆನ್ನಿಗೊಂದೊಂದು ಬ್ಯಾಗು: ಶ್ರೀಲಂಕಾ ಸುತ್ತೋದು ಹೇಗೆ?

ಬೆಂಗಳೂರಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ, ಟೈಮೂ ನಮ್ದೇ ಟೈಮು, ವಾಚ್ ತಿರುಗಿಸೋ ಕೆಲಸ ಇಲ್ಲ. ಇಡೀ ದೇಶ ಸುಮಾರು 65,600 ಚದರ ಕಿ.ಮೀ., ಕರ್ನಾಟಕದ ಮೂರನೇ ಒಂದು ಭಾಗ. ಇದನ್ನ ನೋಡಿ ಎಷ್ಟೋ ಜನ ಒಂದು ವಾರಕ್ಕೆ ಎಂಟು ಊರು ತುರುಕಿ ಪ್ಲಾನ್ ಮಾಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಮ್ಯಾಪಲ್ಲಿ ಹತ್ತಿರ ಕಂಡ್ರೂ ಬೆಟ್ಟದ ರಸ್ತೇಲಿ ನೂರು ಕಿ.ಮೀ. ದಾಟೋಕೆ ಬಸ್ಸಿಗೆ ಮೂರ್ನಾಲ್ಕು ಗಂಟೆ ಬೇಕು, ಸೆಖೇಲಿ ದಿನಾ ಬ್ಯಾಗ್ ಕಟ್ಟಿ ಬಿಚ್ಚಿ ಮಾಡ್ತಿದ್ರೆ ಮೂರನೇ ದಿನಕ್ಕೆ ಇಬ್ರಿಗೂ ಸುಸ್ತು, ಮತ್ತೆ ಇಬ್ರೇ ಇರೋವಾಗ ಸುಸ್ತು ಯಾರ ಮೇಲೆ ಹೋಗತ್ತೆ ಹೇಳಿ, ಜೊತೆಗಿರೋರ ಮೇಲೇ. ಅದಕ್ಕೆ ಒಂದೇ ರೂಲ್ ಇಟ್ಕೊಳ್ಳಿ: ಒಂದೂರಲ್ಲಿ ಕನಿಷ್ಠ ಎರಡು ರಾತ್ರಿ, ವಿಮಾನ ಇಳಿಯೋ, ಹತ್ತೋ ರಾತ್ರಿ ಮಾತ್ರ ಈ ಲೆಕ್ಕಕ್ಕಿಲ್ಲ.

ಮೊದ್ಲು ತಿಂಗಳು, ಆಮೇಲೆ ಊರು

ಅಲ್ಲಿ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿಗೆ ಬರೋ ನೈರುತ್ಯ ಮಾರುತನೇ ಅವ್ರ ಪಶ್ಚಿಮ, ದಕ್ಷಿಣ ಕರಾವಳಿನೂ ನೆನೆಸತ್ತೆ, ಅದೇ ಹೊತ್ತಲ್ಲಿ ಪೂರ್ವದ ಟ್ರಿಂಕೋಮಲಿ ಕಡೆ ಒಳ್ಳೆ ಬಿಸಿಲು, ಸಮುದ್ರ ಶಾಂತ. ಡಿಸೆಂಬರ್‌ನಿಂದ ಫೆಬ್ರವರಿಗೆ ಇದು ಉಲ್ಟಾ, ಮಳೆ ಪೂರ್ವಕ್ಕೆ ಹೋಗತ್ತೆ, ದಕ್ಷಿಣದ ಗಾಲೆ, ಮಿರಿಸ್ಸ ಕಡೆ ಬೀಚ್ ಚೆನ್ನಾಗಿರತ್ತೆ. ಅಕ್ಟೋಬರ್, ನವೆಂಬರ್ ಬೇಡವೇ ಬೇಡ, ಎಲ್ಲಾ ಕಡೆ ಮಳೆ, ಚಂಡಮಾರುತದ ಭಯ ಬೇರೆ. ಅಂದ್ರೆ ರಜೆ ಯಾವಾಗ ಸಿಗತ್ತೋ ಅದರ ಮೇಲೆ ದ್ವೀಪದ ಒಂದು ಭಾಗ ಆರಿಸ್ಕೊಳ್ಳಿ, ಇನ್ನೊಂದನ್ನ ಮನಸ್ಸಿಂದ ತೆಗೆದುಬಿಡಿ.

ಕಾಗದ, ಕಾಸು

ಹೋಗೋಕೆ ಮೊದ್ಲು ಇಟಿಎ ಅಂತ ಆನ್‌ಲೈನ್ ಅನುಮತಿ ತಗೋಬೇಕು, ಇಬ್ರಿಗೂ ಬೇರೆ ಬೇರೆ. ಶ್ರೀಲಂಕಾ ಸರ್ಕಾರದ ಸೈಟಲ್ಲೇ ಮಾಡಿ, ಹುಡುಕಿದ್ರೆ ಅದೇ ಥರ ಕಾಣೋ ಏಜೆಂಟ್ ಸೈಟುಗಳು ಮೇಲೆ ಬರ್ತವೆ. ಫೀ ನಿಯಮ ಆಗಾಗ ಬದಲಾಗ್ತಿರತ್ತೆ, ಟಿಕೆಟ್ ಮಾಡೋ ವಾರದಲ್ಲೇ ನೋಡ್ಕೊಳ್ಳಿ. 2024ರ ಫೆಬ್ರವರಿಯಿಂದ ಅಲ್ಲಿ ನಮ್ಮ ಯುಪಿಐ ಶುರುವಾಗಿದೆ, ಆದ್ರೆ ಬಸ್ ಕಂಡಕ್ಟರ್‌ಗೆ, ಎಳನೀರಿನವ್ರಿಗೆ ನೋಟೇ ಬೇಕು. ದುಡ್ಡನ್ನ ಒಬ್ರ ಹತ್ರಾನೇ ಇಡ್ಬೇಡಿ. ದಿನದ ಖರ್ಚಿಗೆ ಒಂದು ಚಿಕ್ಕ ಪರ್ಸು, ಅದನ್ನ ಇವತ್ತು ಒಬ್ರು ನಾಳೆ ಇನ್ನೊಬ್ರು ಹಿಡ್ಕೊಳ್ಳಿ, ಉಳಿದಿದ್ದು ಎರಡೂ ಬ್ಯಾಗಲ್ಲಿ ಹಂಚಿ. ಬಟ್ಟೆನೂ ಹಾಗೇ, ಅವರ ಎರಡು ಜೊತೆ ಇವರ ಬ್ಯಾಗಲ್ಲಿ, ಇವರದ್ದು ಅವರ ಬ್ಯಾಗಲ್ಲಿ. ಒಂದು ಬ್ಯಾಗ್ ಕಳೆದ್ರೂ ಇಬ್ರಿಗೂ ನಾಳೆ ಹಾಕ್ಕೊಳ್ಳೋಕೆ ಏನಾದ್ರೂ ಇರತ್ತೆ.

ಬ್ಯಾಗ್ ಎಂಟು ಕೆ.ಜಿ. ದಾಟಬಾರ್ದು. ಸೊಳ್ಳೆಗೆ ಹಚ್ಚೋ ಕ್ರೀಮ್ ಮರೀಬೇಡಿ, ಅಲ್ಲಿ ಡೆಂಗಿ ಇದೆ. ಓಆರ್‌ಎಸ್, ತೆಳು ರೇನ್‌ಕೋಟು, ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್. ಕಾಡಿನ ಹಾದೀಲಿ ಇಂಬಳ ಇರ್ತವೆ, ಮಲೆನಾಡಿನವ್ರಿಗೆ ನಾನೇನೂ ಹೇಳಬೇಕಿಲ್ಲ, ಉಳಿದವ್ರು ಉದ್ದ ಸಾಕ್ಸ್ ಇಟ್ಕೊಳ್ಳಿ.

ದಾರಿ

ವಿಮಾನ ನಿಲ್ದಾಣ ಇರೋದು ಕೊಲಂಬೊದಲ್ಲಲ್ಲ, ಕಟುನಾಯಕದಲ್ಲಿ. ಹತ್ತಿರದ ಊರು ನೆಗೊಂಬೊ, ಮೊದಲ ರಾತ್ರಿ ಅಲ್ಲೇ ಇರಿ. ಮಾರನೇ ದಿನ ಕುರುನೇಗಲದಲ್ಲಿ ಬಸ್ ಬದಲಾಯಿಸಿ ದಂಬುಲ್ಲ, ಅಲ್ಲಿಂದ ಸಿಗಿರಿಯ. 5ನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆ ತುದೀಲಿ ಕಟ್ಟಿದ ಅರಮನೆ ಅದು, ಸುಮಾರು 1,200 ಮೆಟ್ಟಿಲು, ಗೇಟ್ ತೆಗೆಯೋ ಹೊತ್ತಿಗೇ ಹೋಗಿ. ಟಿಕೆಟ್ ಕೌಂಟರಲ್ಲಿ ಪಾಸ್‌ಪೋರ್ಟ್ ತೋರಿಸಿ ಸಾರ್ಕ್ ದೇಶದವ್ರ ರಿಯಾಯಿತಿ ಇದೆಯಾ ಕೇಳಿ, ಫಾರಿನರ್ ರೇಟ್ ಜಾಸ್ತಿನೇ ಇದೆ. ಬಜೆಟ್ ಬಿಗಿ ಇದ್ರೆ ಎದುರಿಗಿರೋ ಪಿದುರಂಗಲ ಬಂಡೆ ಹತ್ತಿ, ಖರ್ಚು ತುಂಬಾ ಕಮ್ಮಿ, ಸಿಗಿರಿಯ ಪೂರ್ತಿ ಕಾಣೋದೂ ಅಲ್ಲಿಂದಾನೇ.

ಆಮೇಲೆ ಕ್ಯಾಂಡಿ, ಕ್ಯಾಂಡಿಯಿಂದ ರೈಲಲ್ಲಿ 'ಎಲ್ಲ' (Ella) ಅನ್ನೋ ಬೆಟ್ಟದೂರು. ಚಳಿಗಾಲದಲ್ಲಾದ್ರೆ ಎಲ್ಲದಿಂದ ಬಸ್ಸಲ್ಲಿ ದಕ್ಷಿಣಕ್ಕೆ ಇಳಿದು ಮಿರಿಸ್ಸ, ಗಾಲೆ, ಅಲ್ಲಿಂದ ಸಮುದ್ರದ ಪಕ್ಕದಲ್ಲೇ ಓಡೋ ರೈಲಲ್ಲಿ ವಾಪಸ್ ಕೊಲಂಬೊ. ಬೇಸಿಗೆ ಕಳೆದು ಹೋಗೋರು ಸಿಗಿರಿಯ ಆದ್ಮೇಲೆ ಟ್ರಿಂಕೋಮಲಿಗೆ ಹೋಗಿ ಬಂದು ಬೆಟ್ಟ ಹತ್ತಿ. ಹನ್ನೆರಡು ದಿನ ಇದ್ರೆ ಇಷ್ಟು ಆರಾಮಾಗಿ ಆಗತ್ತೆ. ಉತ್ತರದ ಜಾಫ್ನಾ ನಂಗೆ ಬಹಳ ಇಷ್ಟದ ಊರು, ಆದ್ರೆ ಅದನ್ನ ಇದಕ್ಕೇ ಸೇರಿಸ್ಬೇಡಿ, ಅದಕ್ಕೇ ಅಂತ ಇನ್ನೊಂದ್ಸಲ ಹೋಗಿ.

ಬೆಟ್ಟದ ರೈಲು

ಈ ಲೈನನ್ನ ಬ್ರಿಟಿಷರು ಮೊದ್ಲು ಕಾಫಿ, ಆಮೇಲೆ ಟೀ ಸಾಗಿಸೋಕೆ ಹಾಕಿದ್ದು, ಕ್ಯಾಂಡಿಗೆ 1867ರಲ್ಲಿ ಬಂತು, ಕೊನೇ ಸ್ಟೇಷನ್ ಬದುಲ್ಲ ಮುಟ್ಟಿದ್ದು 1924ರಲ್ಲಿ. ಮಧ್ಯದ ಪಟ್ಟಿಪೊಳ ಸುಮಾರು 1,890 ಮೀಟರ್ ಎತ್ತರದಲ್ಲಿದೆ, ಅಲ್ಲಿ ಮಧ್ಯಾಹ್ನವೂ ಸ್ವೆಟರ್ ಬೇಕು. ಕ್ಯಾಂಡಿಯಿಂದ ಎಲ್ಲಕ್ಕೆ ಆರೇಳು ಗಂಟೆ. ರಿಸರ್ವೇಶನ್ ಒಂದು ತಿಂಗಳು ಮೊದ್ಲು ಓಪನ್ ಆಗತ್ತೆ, ಬೇಗ ಖಾಲಿ ಆಗತ್ತೆ. ಸಿಗ್ಲಿಲ್ಲ ಅಂತ ಏಜೆಂಟ್‌ಗೆ ಮೂರು ಪಟ್ಟು ಕೊಡ್ಬೇಡಿ, ಅವತ್ತೇ ಕೌಂಟರಲ್ಲಿ ರಿಸರ್ವ್ ಇಲ್ಲದ ಸೆಕೆಂಡ್ ಕ್ಲಾಸ್ ಟಿಕೆಟ್ ಕೇಳಿ. ಎಸಿ ಬೋಗಿ ಬೇಡ, ಕಿಟಕಿ ತೆಗೆಯೋಕಾಗಲ್ಲ, ಆ ಟೀ ತೋಟದ ಗಾಳಿ, ಕಡಲೆ ವಡೆ ಮಾರೋವ್ರ ಕೂಗು ಯಾವುದೂ ಒಳಗೆ ಬರಲ್ಲ. ನಮ್ಮನೆಯವ್ರೂ ನಾನೂ ಬಾಗಿಲ ಹತ್ರ ಗಂಟೆಗಟ್ಲೆ ಮಾತಿಲ್ದೆ ಕೂತಿದ್ದು ಇದೇ ರೈಲಲ್ಲಿ. ಆದ್ರೆ ಫೋಟೋಗೆ ಅಂತ ಹೊರಗೆ ಜೋತು ಬೀಳಬೇಡಿ, ಬಂಡೆ, ಸುರಂಗ ಕೈಗೆಟುಕೋ ಅಷ್ಟು ಹತ್ರ ಬರ್ತವೆ, ಪ್ರವಾಸಿಗರು ಬಿದ್ದು ಸತ್ತಿದ್ದಾರೆ.

ಇನ್ನೊಂದು ವಿಷ್ಯ, 2025ರ ನವೆಂಬರ್‌ನ ದಿತ್ವಾ ಚಂಡಮಾರುತದಲ್ಲಿ ಈ ದಾರಿಗೆ ತುಂಬಾ ಪೆಟ್ಟಾಗಿತ್ತು. ಯಾವ್ಯಾವ ಭಾಗದಲ್ಲಿ ರೈಲು ಓಡ್ತಿದೆ ಅಂತ ಕೇಳಿಕೊಂಡೇ ಪ್ಲಾನ್ ಮಾಡಿ, ಇಲ್ಲದ ಕಡೆ ಬಸ್ ನೋಡ್ಕೊಳ್ಳಿ. ಎಲ್ಲಕ್ಕೆ ಹೋದ್ರೆ 1921ರ ಒಂಬತ್ತು ಕಮಾನಿನ ಸೇತುವೆಗೆ ಬೆಳಿಗ್ಗೆ ಆರಕ್ಕೇ ನಡೆದು ಹೋಗಿ.

ಬಸ್ಸಲ್ಲಿ ಮುಂದಿನ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು, ಖಾಲಿ ಇದೆ ಅಂತ ಕೂತಿದ್ರೂ ಅವ್ರು ಬಂದ್ರೆ ಎದ್ದುಬಿಡಿ. ತುಂಬಿದ ಬಸ್ಸಲ್ಲಿ ಹೆಂಗಸ್ರು ಕಿಟಕಿ ಪಕ್ಕ ಕೂತ್ರೆ ನೆಮ್ಮದಿ. ಜೊತೆಗಿರೋ ಹೆಣ್ಣುಮಗಳು ಒಂದು ಬಸ್ಸಲ್ಲಿ, ಒಂದು ರೂಮಲ್ಲಿ ನಂಗ್ಯಾಕೋ ಸರಿ ಅನ್ನಿಸ್ತಿಲ್ಲ ಅಂದ್ರೆ ಅಲ್ಲಿ ವಾದ ಬೇಡ, ಬ್ಯಾಗ್ ಎತ್ಕೊಂಡು ಹೊರಡಿ.

ರೂಮು, ಊಟ

ಒಬ್ರೇ ಹೋಗೋರಿಗೆ ಹಾಸ್ಟೆಲ್ ಬೆಡ್ ಸರಿ, ಆದ್ರೆ ಇಬ್ರಿಗೆ ಎರಡು ಬೆಡ್ಡಿನ ದುಡ್ಡಲ್ಲೇ ಎಷ್ಟೋ ಕಡೆ ಮನೆಯವ್ರೇ ನಡೆಸೋ ಗೆಸ್ಟ್‌ಹೌಸಲ್ಲಿ ಫ್ಯಾನಿರೋ ಡಬಲ್ ರೂಮ್ ಸಿಗತ್ತೆ. ಬೆಟ್ಟದ ಮೇಲೆ ಎಸಿಗೆ ದುಡ್ಡು ಕೊಡೋದು ದಂಡ. ಸಂಜೆಗೆ ಅನ್ನ, ನಾಲ್ಕೈದು ಬಗೆ ಪಲ್ಯ, ತೆಂಗಿನಹಾಲು ಹಾಕಿದ ಬೇಳೆ ಮಾಡಿಕೊಡ್ತಾರೆ, ಮಧ್ಯಾಹ್ನವೇ ಹೇಳಿರ್ಬೇಕು.

ಸಸ್ಯಾಹಾರಿಗಳು ಇದನ್ನ ಗಮನ ಇಟ್ಟು ಓದಿ. ಆಪ್ಪ, ಶಾವಿಗೆ, ಕಾಯಿ ಚಟ್ನಿ ಥರದ ಪೊಲ್ ಸಂಬೋಲ್, ನೋಡೋಕೆ ಎಲ್ಲಾ ನಮ್ಮದೇ ಊಟ, ಆದ್ರೆ ಆ ಸಂಬೋಲ್‌ಗೆ ಒಣಗಿಸಿದ ಮೀನಿನ ಪುಡಿ ಹಾಕೋದು ಅಲ್ಲಿ ಮಾಮೂಲು, ಅವ್ರು ಅದನ್ನ ಮೀನು ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಬರೀ ವೆಜ್ ಅಂದ್ರೆ ಸಾಲದು, 'ಉಂಬಲಕಡ' ಹಾಕಿದೀರಾ ಅಂತ ಹೆಸರು ಹಿಡಿದೇ ಕೇಳಿ. ಎಮ್ಮೆ ಮೊಸರು ಮಡಕೇಲಿ ಕೊಡ್ತಾರೆ, ಮೇಲೆ ಕಿತುಲ್ ಪಾಕ. ಕಿತುಲ್ ಅಂದ್ರೆ ನಮ್ಮ ಬೈನೆ ಮರ. ಆ ಮೊಸರು, ಪಾಕ ತಿನ್ನದೆ ಬರಬೇಡಿ.

ದೇವಸ್ಥಾನದಲ್ಲಿ

ಬುದ್ಧನ ಹಲ್ಲನ್ನ ಇಟ್ಟು ಪೂಜಿಸೋ ಕ್ಯಾಂಡಿಯ ದಳದಾ ಮಾಳಿಗಾವ ಇರ್ಲಿ, ಸಣ್ಣ ವಿಹಾರ ಇರ್ಲಿ, ಭುಜ, ಮಂಡಿ ಮುಚ್ಚೋ ಬಟ್ಟೆ ಇಬ್ರಿಗೂ ಕಡ್ಡಾಯ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯೋದು ಅವ್ರಿಗೆ ನೋವಾಗೋ ವಿಷ್ಯ, ಅಪ್ಪಿಕೊಂಡು ಫೋಟೋನೂ ಅಲ್ಲಿ ಬೇಡ. ಹುಣ್ಣಿಮೆ ದಿನ ಪೋಯ, ದೇಶಕ್ಕೇ ರಜೆ, ಮದ್ಯ ಮಾರಲ್ಲ, ಬಸ್ ರೈಲು ತುಂಬಿರ್ತವೆ, ಅವತ್ತು ಊರು ಬದಲಾಯಿಸ್ಬೇಡಿ. ಬಿಳಿ ಬಟ್ಟೆ ಹಾಕ್ಕೊಂಡು ಹೂ ಹಿಡಿದು ಬರೋ ಜನರ ಜೊತೆ ಹತ್ತಿರದ ವಿಹಾರಕ್ಕೆ ಹೋಗಿ.

ವಾಪಸ್ ಬರೋ ಹಿಂದಿನ ರಾತ್ರಿ ಮತ್ತೆ ನೆಗೊಂಬೊಗೇ ಬನ್ನಿ, ಬೆಟ್ಟದಿಂದ ನೇರ ಫ್ಲೈಟ್ ಹಿಡಿಯೋ ಸಾಹಸ ಬೇಡ. ಚಕ್ಕೆ, ಟೀ ಪುಡಿ ಎಲ್ಲಿದ್ರೂ ನಡೆಯತ್ತೆ, ಕಿತುಲ್ ಪಾಕದ ಬಾಟ್ಲು ಮಾತ್ರ ಚೆಕ್-ಇನ್ ಬ್ಯಾಗಿಗೆ ಹೋಗ್ಬೇಕು, ಕೈಯಲ್ಲಿ ಹಿಡ್ಕೊಂಡ್ರೆ ಸೆಕ್ಯುರಿಟೀಲಿ ತೆಗೆದಿಟ್ಕೊಳ್ತಾರೆ.