ಗೋಡೆಯ ಗೀಚುಬರಹದಿಂದ ರಾಣಿಯೊಬ್ಬಳ ಬದುಕನ್ನು ಓದುವ ಬಗೆ

ಕೀವ್‌ನ ಸಂತ ಸೋಫಿಯಾ ಕ್ಯಾಥೆಡ್ರಲ್‌ನ ಭಿತ್ತಿಚಿತ್ರಗಳ ಮೇಲೆ ಗೀಚಿದ ಒಂದು ಮೊರೆ ಹೀಗಿದೆ: ‘ದೇವರೇ, ನಿನ್ನ ಸೇವಕಿ ಓಲಿಸಾವಾಗೆ, ಸ್ವ್ಯಾತೊಪೋಲ್ಕ್‌ನ ತಾಯಿಗೆ, ರುಸ್‌ನ ರಾಣಿಗೆ ನೆರವಾಗು.’ ರುಸ್ ಎಂದರೆ ಕೀವ್ ಕೇಂದ್ರವಾಗಿದ್ದ ಮಧ್ಯಯುಗದ ರಾಜ್ಯ. ಇದೇ ಹೆಂಗಸಿನ ಸಾವನ್ನು ಬರೆದಿಟ್ಟ ರಾಜವೃತ್ತಾಂತ ‘ಸ್ವ್ಯಾತೊಪೋಲ್ಕ್‌ನ ತಾಯಿ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಹೆಸರು ಕೊಟ್ಟದ್ದು ಗೋಡೆ. ಅದಕ್ಕೇ ಇಂಥ ಸಾಲನ್ನು ಅವಸರದಲ್ಲಿ ಓದಬಾರದು.

ಮೊದಲು ಚಿತ್ರ ತೆಗೆಯಬೇಕು. ಅನುಮತಿ ಇದ್ದರೂ ಗೋಡೆ ಮುಟ್ಟುವಂತಿಲ್ಲ: ಕಾಗದವಿಟ್ಟು ಉಜ್ಜಿದರೆ ಬಣ್ಣ ಏಳುತ್ತದೆ, ಗೀರಿಗೆ ಸೀಮೆಸುಣ್ಣ ತುಂಬಿದರೆ ನಿಮ್ಮ ಊಹೆಯೇ ಅಕ್ಷರವಾಗಿ ಕೂರುತ್ತದೆ. ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದೀಪವನ್ನು 10–15 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಕನಿಷ್ಠ ನಾಲ್ಕು ದಿಕ್ಕಿನಿಂದ ಬೆಳಕು ಬೀಳಲೇಬೇಕು. ಬೆಳಕು ಬಂದ ದಿಕ್ಕಿನಲ್ಲೇ ಸಾಗಿದ ಗೀರಿಗೆ ನೆರಳಿರುವುದಿಲ್ಲ. ಅಕ್ಷರದ ಒಂದು ಕಾಲು ಮಾಯವಾಗಿ ಅದು ಬೇರೆಯೇ ಅಕ್ಷರದಂತೆ ಕಾಣುತ್ತದೆ. ಸಾಧ್ಯವಾದರೆ ಹೊಳೆಯುವ ಎರಡು ಕಪ್ಪು ಗೋಲಿಗಳನ್ನು ಚೌಕಟ್ಟಿನೊಳಗಿಟ್ಟು, ಕ್ಯಾಮೆರಾ ಕದಲಿಸದೆ ದೀಪವನ್ನಷ್ಟೇ ಸರಿಸುತ್ತಾ 40–60 ಚಿತ್ರ ತೆಗೆಯಿರಿ. ಗೋಲಿಯ ಮೇಲಿನ ಹೊಳಪಿನಿಂದ ತಂತ್ರಾಂಶ ಬೆಳಕಿನ ದಿಕ್ಕನ್ನು ಲೆಕ್ಕಹಾಕುತ್ತದೆ; ಆಮೇಲೆ ಪರದೆಯ ಮೇಲೆ ಬೇಕಾದ ದಿಕ್ಕಿನಿಂದ ಬೆಳಕು ಬೀಳಿಸಿ ಗೀರನ್ನು ನೋಡಬಹುದು. ದೀಪದ ದೂರ ಒಂದೇ ಇರಲೆಂದು ದಾರ ಕಟ್ಟಿ ಅಳೆಯಿರಿ.

ನಂತರ ಗೀರನ್ನೇ ನೋಡಿ. ಅದು ಬಣ್ಣವನ್ನು ಕೊರೆದಿದ್ದರೆ ಚಿತ್ರಕ್ಕಿಂತ ಹೊಸದು; ಒಳಗೆ ಸುಣ್ಣ ಕೂತಿದ್ದರೆ ಸುಣ್ಣ ಬಳಿಯುವುದಕ್ಕೂ ಹಿಂದಿನದು. ನಕಲು ಮಾಡುವಾಗ ಸ್ಪಷ್ಟ ಅಕ್ಷರ, ಮುರಿದ ಅಕ್ಷರ, ನೀವು ತುಂಬಿದ ಅಕ್ಷರ ಮೂರಕ್ಕೂ ಬೇರೆ ಬೇರೆ ಗುರುತು ಹಾಕಿ.

ಕಾಲನಿರ್ಣಯದಲ್ಲಿ ಲಿಪಿಯೊಂದನ್ನೇ ನಂಬಿದರೆ ದಶಕಗಳ ಅಂತರ ಉಳಿಯುತ್ತದೆ. ಇಲ್ಲಿ ಮಗನ ಹೆಸರು ನೆರವಿಗೆ ಬರುತ್ತದೆ. ಸ್ವ್ಯಾತೊಪೋಲ್ಕ್ ಕೀವ್ ಆಳಿದ್ದು 1093–1113. ತಾಯಿ ತೀರಿಕೊಂಡದ್ದು, ಜಗತ್ತಿನ ಸೃಷ್ಟಿಯಿಂದ ವರ್ಷ ಎಣಿಸುವ ವೃತ್ತಾಂತದ ಪ್ರಕಾರ, 6615ರ ಜನವರಿ 4ರಂದು. ‘ನೆರವಾಗು’ ಎನ್ನುವುದು ಸಾಮಾನ್ಯವಾಗಿ ಬದುಕಿರುವವರಿಗಾಗಿ ಮಾಡುವ ಮೊರೆ, ಆದ್ದರಿಂದ ಬರಹ ಆ ದಿನಕ್ಕಿಂತ ಹಿಂದಿನದೆಂದು ಹಿಡಿಯಬಹುದು. ಇದನ್ನು ಕ್ರಿಸ್ತಶಕಕ್ಕೆ ತರಲು, ಮಾರ್ಚ್‌ನಲ್ಲಿ ವರ್ಷ ಶುರುವಾಗುವ ಲೆಕ್ಕದಲ್ಲಿ ಜನವರಿ–ಫೆಬ್ರವರಿಗೆ 5507 ಕಳೆಯಬೇಕು, ಉಳಿದ ತಿಂಗಳುಗಳಿಗೆ 5508. ಹಾಗಾಗಿ ಅದು 1108. ಎಲ್ಲ ಕಡೆ ಇದೇ ಲೆಕ್ಕ ನಡೆಯದು: ಅದೇ ಕ್ಯಾಥೆಡ್ರಲ್‌ನಲ್ಲಿ ಕೀವ್‌ನ ದೊರೆ ಯಾರೊಸ್ಲಾವ್‌ನ ಮರಣ ಸಾರುವ ಬರಹದ 6562ರ ಫೆಬ್ರವರಿ, ಈ ಲೆಕ್ಕದಂತೆ 1055 ಆಗಬೇಕಿದ್ದರೂ, 1054 ಎಂದೇ ಸ್ವೀಕೃತ.

ಅತಿ ಹೆಚ್ಚು ಎಡವುವುದು ಗುರುತು ಹಚ್ಚುವಾಗ. ಸ್ವ್ಯಾತೊಪೋಲ್ಕ್‌ನ ತಂದೆ ಇಜ್ಯಾಸ್ಲಾವ್‌ನ ಹೆಂಡತಿ ಪೋಲೆಂಡಿನ ಗೆರ್ಟ್ರೂಡ್. ಓಲಿಸಾವಾ ಅವಳದೇ ಇನ್ನೊಂದು ಹೆಸರು ಎಂಬ ವಾದವಿದೆ. ಆದರೆ ಗೆರ್ಟ್ರೂಡ್‌ಳ ಪ್ರಾರ್ಥನಾ ಪುಸ್ತಕ ಪೀಟರ್ ಎಂಬ ಕ್ರೈಸ್ತ ಹೆಸರಿನ ಯಾರೊಪೋಲ್ಕ್‌ನನ್ನು ‘ನನ್ನ ಒಬ್ಬನೇ ಮಗ’ ಎನ್ನುತ್ತದೆ. ಹಾಗಾದರೆ ಓಲಿಸಾವಾ ಬೇರೆ ಹೆಂಗಸಾಗಿರಲೂಬಹುದು. ಎರಡನ್ನೂ ಬರೆದಿಡಿ, ಒಂದನ್ನು ಅಳಿಸಬೇಡಿ. ಗೀಚಿದ ಕೈ ಅವಳದೇ ಎಂದೂ ತೀರ್ಮಾನಿಸಬೇಡಿ. ‘ನಿನ್ನ ಸೇವಕಿ’ ಎಂದು ಅವಳ ಪರವಾಗಿ ಬೇರೆಯವರೂ ಬರೆಯಬಹುದಿತ್ತು.

ಇದರ ಜೊತೆಗಿಟ್ಟು ಓದಬೇಕಾದ ಅದೇ ಕ್ಯಾಥೆಡ್ರಲ್‌ನ ಇನ್ನೊಂದು ಬರಹ ಬೊಯಾನ್ ಎಂಬವನ ಜಮೀನಿನದು. ‘ವ್ಸೆವೊಲೊದ್‌ನ ರಾಣಿ’ ಪಾದ್ರಿಗಳ ಮುಂದೆ, ಸಾಕ್ಷಿಗಳ ಹೆಸರು ಬರೆಸಿ, ಆ ಜಮೀನನ್ನು ಪೂರ್ತಿ ಕೊಂಡಳು. ಅವಳ ಸ್ವಂತ ಹೆಸರಿಲ್ಲ. 1093ರಲ್ಲಿ ತೀರಿಕೊಂಡ ವ್ಸೆವೊಲೊದ್‌ನ ಹೆಂಡತಿಯೋ, 1139–1146ರಲ್ಲಿ ಕೀವ್ ಆಳಿದ ಇನ್ನೊಬ್ಬ ವ್ಸೆವೊಲೊದ್‌ನ ಹೆಂಡತಿಯೋ ಎಂಬ ಚರ್ಚೆ ಇದೆ. ಯಾರೇ ಆಗಿರಲಿ, ಹಣ ಕೊಟ್ಟು ಜಮೀನು ಕೊಂಡವಳು ಅವಳೇ ಎಂಬುದು ಬರಹದಲ್ಲಿ ನೇರವಾಗಿದೆ.